ಡಿಲನ್ ಆಲ್ಬಮ್‌ಗೆ ಹಾಕದೇ ಬಿಟ್ಟ ಹಾಡುಗಳು

ಪ್ರಶ್ನೆ: ಅಮೆರಿಕದ ಹಾಡುಗಾರ ಬಾಬ್ ಡಿಲನ್ ಆಲ್ಬಮ್‌ಗಳನ್ನ ಹೆಚ್ಚುಕಮ್ಮಿ ಎಲ್ಲಾ ಕೇಳಿದೀನಿ. ಆಲ್ಬಮ್‌ಗೆ ಸೇರದ ರೇರ್ ರೆಕಾರ್ಡಿಂಗ್‌ಗಳು ರಾಶಿ ಇವೆ ಅಂತಾರೆ, ಎಲ್ಲಿಂದ ಶುರು ಮಾಡ್ಲಿ? ಕದ್ದ ಮಾಲು ಬೇಡ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಭಯ ಬೇಡ, ಮುಖ್ಯವಾದದ್ದನ್ನೆಲ್ಲ ಈಗ ರೆಕಾರ್ಡ್ ಕಂಪನಿಯೇ 'ಬೂಟ್‌ಲೆಗ್ ಸೀರೀಸ್' (ಬೂಟ್‌ಲೆಗ್ ಅಂದ್ರೆ ಕಳ್ಳ ರೆಕಾರ್ಡ್) ಅಂತ ಬಿಟ್ಟಿದೆ. ಉದಾಹರಣೆಗೆ, 1967ರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಊರಿನ ಹತ್ರದ ಒಂದು ಗುಲಾಬಿ ಬಣ್ಣದ ಮನೆ ನೆಲಮಾಳಿಗೆಲಿ, ಮುಂದೆ 'ದ ಬ್ಯಾಂಡ್' ಅಂತ ಹೆಸರು ಮಾಡಿದ ಹುಡುಗರ ಜೊತೆ ಡಿಲನ್ ಹಾಡಿದ್ದು, ಅವರಲ್ಲಿ ಆರ್ಗನ್ ನುಡಿಸ್ತಿದ್ದ ಗಾರ್ತ್ ಹಡ್ಸನ್ ಟೇಪ್ ಮಾಡ್ಕೊಂಡಿದ್ದು, ಅದ್ರಲ್ಲಿ ಕೆಲವು 1969ರಲ್ಲಿ ಏನೂ ಬರೆದಿರದ ಬಿಳಿ ಕವರ್‌ನಲ್ಲಿ ಕಳ್ಳ ಎಲ್‌ಪಿ ಆಗಿ ಲಾಸ್ ಏಂಜಲಿಸ್ ಅಂಗಡಿಗಳಿಗೆ ಬಂತು, ಕಂಪನಿ 1975ರಲ್ಲಿ ಒಂದಿಷ್ಟು ಬಿಡ್ತು, ಪೂರ್ತಿ 6 ಸಿಡಿ ಬರೋ ಹೊತ್ಗೆ 2014.

ಆದ್ರೆ ಶುರು ಮಾಡೋದು ಆ ಸೀರೀಸ್‌ನ 1991ರ ಮೊದಲ ಸೆಟ್‌ನಿಂದ ಮಾಡಿ, ಅದೂ 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್' ಇಂದ. 1983ರದ್ದು. ಪಿಯಾನೋ ಡಿಲನ್‌ದೇ, ಗಿಟಾರ್ ಮಾರ್ಕ್ ನಾಫ್ಲರ್, ಬೇರೆ ಯಾರೂ ಇಲ್ಲ. ಗುಲಾಮಗಿರಿ ಕಾಲದ ಇಡೀ ಅಮೆರಿಕ ಆ ಒಂದು ಹಾಡಲ್ಲಿದೆ, ಇಂಥದ್ದನ್ನ 'ಇನ್ಫಿಡೆಲ್ಸ್' ಆಲ್ಬಮ್‌ಗೆ ಹಾಕದೇ ಬಿಟ್ರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ಆಮೇಲೆ 1966ರ ಮ್ಯಾಂಚೆಸ್ಟರ್ ಕಚೇರಿ ಕೇಳಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದ ಅಂತ ಸಿಟ್ಟಾಗಿ ಒಬ್ಬ 'ಜೂಡಸ್' (ಏಸುವಿಗೆ ದ್ರೋಹ ಮಾಡಿದವನ ಹೆಸರು) ಅಂತ ಕೂಗ್ತಾನಲ್ಲ, ಅದು ಅಲ್ಲೇ. ಕಳ್ಳ ರೆಕಾರ್ಡ್‌ಗಳ ಮೇಲೆ ವರ್ಷಗಟ್ಟಲೆ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್ ಅಂತ ತಪ್ಪಾಗಿ ಹಾಕ್ತಿದ್ರು. 1998ರಲ್ಲಿ ಅಫಿಶಿಯಲ್ ಆಗಿ ಬಂತು.

ಪ್ರಶ್ನೆ: ಟಿವಿಲಿ, ಸ್ಟೇಜಲ್ಲಿ ಅಪರೂಪಕ್ಕೆ ಕಾಣಿಸ್ಕೊಂಡಿದ್ದು ನೋಡೋಕೆ ಸಿಗತ್ತಾ? ನಮ್ಮ ದೇಶದ ನಂಟು ಏನಾದ್ರೂ?
– ಓದುಗರೊಬ್ಬರು, ಧಾರವಾಡ

ಉತ್ತರ: ನಂಟು ಇದೆ ರೀ. 1967ರ 'ಜಾನ್ ವೆಸ್ಲಿ ಹಾರ್ಡಿಂಗ್' ಕವರ್ ನೋಡಿ, ಡಿಲನ್ ಅಕ್ಕಪಕ್ಕ ನಿಂತಿರೋರು ಬಂಗಾಳದ ಬಾವುಲ್ ಹಾಡುಗಾರರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. 1971 ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ರವಿಶಂಕರ್, ಜಾರ್ಜ್ ಹ್ಯಾರಿಸನ್ ಸೇರಿ ಬಾಂಗ್ಲಾದೇಶಕ್ಕೋಸ್ಕರ ಮಾಡಿದ ಕಚೇರಿಗೂ ಬಂದ್ರು, ಆಗ ಡಿಲನ್ ಸ್ಟೇಜ್ ಹತ್ತೋದೇ ಅಪರೂಪ. ಅದರ ಸಿನಿಮಾ ಇದೆ.

ನನಗಂತೂ 1984ರ ಮಾರ್ಚ್‌ನಲ್ಲಿ ಅಮೆರಿಕದ ಟಿವಿಲಿ ಡೇವಿಡ್ ಲೆಟರ್‌ಮನ್ ಶೋಗೆ ಬಂದಿದ್ದು ತುಂಬಾ ಇಷ್ಟ. ಜೊತೆಗೆ ಲಾಸ್ ಏಂಜಲಿಸ್‌ನ ಪಂಕ್ (ಅಬ್ಬರದ, ವೇಗದ ರಾಕ್) ಹುಡುಗರು, 'ಜೋಕರ್‌ಮನ್' ಹಾಡು ರೆಕಾರ್ಡ್‌ನಲ್ಲಿ ನಿಧಾನ, ಇಲ್ಲಿ ಕುದುರೆ ಓಟ. ಮಧ್ಯದಲ್ಲಿ ಹಾರ್ಮೋನಿಕಾ ಬಾಯಿಗಿಟ್ರೆ ಶ್ರುತಿನೇ ಬೇರೆ! ಸರಿಯಾದ್ದನ್ನ ಹುಡುಕ್ತಾ ಸ್ಟೇಜ್ ಮೇಲೆ ಓಡಾಡ್ತಾರೆ, ಹುಡುಗರು ಬಿಡದೆ ಅದದೇ ಬಾರಿಸ್ತಾ ಕಾಯ್ತಾರೆ, ಸಿಕ್ಕಿದ ಮೇಲೆ ಊದ್ತಾರೆ ನೋಡಿ, ಹಾಡು ಇನ್ನೂ ಮೇಲಕ್ಕೇಳತ್ತೆ. ಲೈವ್ ಅಂದ್ರೆ ಅದು.

ನೋಡೋಕೆ ಸಿಗದೇ ಇರೋದು ಬಿಬಿಸಿ ನಾಟಕ, 'ಮ್ಯಾಡ್‌ಹೌಸ್ ಆನ್ ಕ್ಯಾಸಲ್ ಸ್ಟ್ರೀಟ್'. 1963ರ ಜನವರಿಲಿ ಪ್ರಸಾರ ಆಗಿದ್ದು, 21 ವರ್ಷದ ಡಿಲನ್ ಅದ್ರಲ್ಲಿ ಪಾತ್ರ ಮಾಡಿ ಹಾಡ್ತಾರೆ, 1968ರಲ್ಲಿ ಬಿಬಿಸಿಯವ್ರೇ ಅದನ್ನ ನಾಶ ಮಾಡಿದ್ರು. ಮನೇಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಕೊಂಡಿದ್ದ ಪುಣ್ಯಾತ್ಮರಿಂದ ಒಂದಷ್ಟು ಹಾಡಿನ ಆಡಿಯೋ ಮಾತ್ರ ಉಳೀತು.