ಭಾಗ ಬದಲಿಸುವ ಮೊದಲು ಅಳೆದು ನೋಡಿ: ಫೋರ್ಕ್‌ಲಿಫ್ಟ್ ರಿಪೇರಿ ಬಗ್ಗೆ ಓದುಗರ ಪ್ರಶ್ನೆಗಳು

ಗೋದಾಮು, ಫೌಂಡ್ರಿ, ಹತ್ತಿ ಮಿಲ್‌ಗಳಿಗೆ ಹೋಗಿ, ಗಾಡಿ ಕೆಟ್ಟು ನಿಂತ ಜಾಗದಲ್ಲೇ ರಿಪೇರಿ ಮಾಡುವುದು ನನ್ನ ಕೆಲಸ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆ ಹೇಳುತ್ತವೆ: ಭಾಗ ಬದಲಿಸಿದ್ದಾಯಿತು, ದುಡ್ಡು ಖರ್ಚಾಯಿತು, ದೋಷ ಹಾಗೇ ಉಳಿಯಿತು. ಅದಕ್ಕೇ ಪ್ರತಿ ಉತ್ತರದಲ್ಲೂ ಏನನ್ನು ಅಳೆಯಬೇಕು, ಎಲ್ಲಿ ಅಳೆಯಬೇಕು ಅಂತ ಬರೆದಿದ್ದೇನೆ.

ಪ್ರಶ್ನೆ: ನಮ್ಮ 48 ವೋಲ್ಟ್ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್ ರಾತ್ರಿಯಿಡೀ ಚಾರ್ಜ್ ಹಾಕಿದರೂ ಮಧ್ಯಾಹ್ನದ ಊಟದ ಹೊತ್ತಿಗೆ ಸುಸ್ತಾಗುತ್ತದೆ. ಲೋಡ್ ಎತ್ತುವಾಗ ನಿಂತೇ ಹೋಗುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ಓಡುತ್ತದೆ. ಕಂಟ್ರೋಲರ್ (ಮೋಟರ್‌ಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಬದಲಿಸಬೇಕು ಎನ್ನುತ್ತಿದ್ದಾರೆ. ನಿಜವೇ?
(ಗೋದಾಮು ಸೂಪರ್‌ವೈಸರ್, ನೆಲಮಂಗಲ)

ಕಂಟ್ರೋಲರ್‌ಗೆ ಇನ್ನೂ ಆರ್ಡರ್ ಕೊಡಬೇಡಿ ಸರ್. ನೀವು ಹೇಳಿದ ಲಕ್ಷಣವೇ ಬೇರೆ ಕಡೆ ಕೈ ತೋರಿಸುತ್ತಿದೆ. ಲೋಡ್ ಎತ್ತುವಾಗ ಪಂಪ್ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದರೆ ಕಂಟ್ರೋಲರ್ ತನ್ನನ್ನೂ ಬ್ಯಾಟರಿಯನ್ನೂ ಕಾಪಾಡಲು ಕಟ್ ಮಾಡುತ್ತದೆ. ಕೀ ಆಫ್ ಮಾಡಿದಾಗ ಬ್ಯಾಟರಿಗೆ ಒಂದು ಕ್ಷಣ ವಿಶ್ರಾಂತಿ ಸಿಗುತ್ತದೆ, ವೋಲ್ಟೇಜ್ ಮೇಲೇಳುತ್ತದೆ, ಗಾಡಿ ಮತ್ತೆ ಹೊರಡುತ್ತದೆ. ಇಲ್ಲಿ ಕಂಟ್ರೋಲರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುವ ಹಾಗಿದೆ.

48 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯೆಂದರೆ 2 ವೋಲ್ಟಿನ 24 ಸೆಲ್‌ಗಳು, ಒಂದರ ಬಾಲಕ್ಕೆ ಇನ್ನೊಂದು. 23 ಸೆಲ್ ಚೆನ್ನಾಗಿದ್ದು ಒಂದೇ ಒಂದು ಸೆಲ್ ಸೋತರೂ ಇಡೀ ಗಾಡಿ ಸೋಲುತ್ತದೆ. ಬೆಳಿಗ್ಗೆ ಚಾರ್ಜರ್‌ನಿಂದ ಬಿಡಿಸಿದ ಕೂಡಲೇ ಮೀಟರ್ ಇಟ್ಟರೆ ಇದು ಗೊತ್ತೇ ಆಗುವುದಿಲ್ಲ, ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಗಾಡಿ ಸುಸ್ತಾದ ಹೊತ್ತಿನಲ್ಲೇ ಅಳೆಯಬೇಕು. ಕನೆಕ್ಟರ್ ಬಿಚ್ಚಿ, ಹುಡ್ ಎತ್ತಿ, ಒಂದೊಂದೇ ಸೆಲ್‌ನ ವೋಲ್ಟೇಜ್ ಮತ್ತು ಗ್ರ್ಯಾವಿಟಿ (ಒಳಗಿನ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅನ್ನುವ ಅಂಕಿ, ಹೈಡ್ರೋಮೀಟರ್‌ನಿಂದ ಅಳೆಯುವುದು) ತೆಗೆದು ಕಾಗದದ ಮೇಲೆ ಬರೆದುಕೊಳ್ಳಿ. ಪೂರ್ತಿ ಚಾರ್ಜ್ ಆದ ಸೆಲ್‌ನ ಗ್ರ್ಯಾವಿಟಿ 1.280 ಹತ್ತಿರ, ಸುಮ್ಮನಿದ್ದಾಗಿನ ವೋಲ್ಟೇಜ್ 2.12 ಹತ್ತಿರ ಇರುತ್ತದೆ. ಶೇ 80ರಷ್ಟು ಬಳಸಿದ ಮೇಲೆ ಗ್ರ್ಯಾವಿಟಿ 1.150 ಆಸುಪಾಸಿಗೆ, ವೋಲ್ಟೇಜ್ 2ರ ಹತ್ತಿರಕ್ಕೆ ಇಳಿಯುತ್ತದೆ. ಉಳಿದವೆಲ್ಲ 1.180 ತೋರಿಸುವಾಗ ಒಂದು ಸೆಲ್ ಮಾತ್ರ 1.090 ತೋರಿಸಿದರೆ ಕಳ್ಳ ಸಿಕ್ಕ ಹಾಗೆ. 2 ವೋಲ್ಟಿನ ಲೋಡ್ ಟೆಸ್ಟರ್ ಇದ್ದರೆ ಆ ಸೆಲ್‌ಗೆ ಹಾಕಿ ಖಚಿತ ಮಾಡಿಕೊಳ್ಳಬಹುದು.

ಎಲ್ಲ ಸೆಲ್‌ಗಳೂ ಒಂದೇ ಮಟ್ಟದಲ್ಲಿದ್ದರೆ? ಆಗ ವೋಲ್ಟೇಜ್ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ. ಕನೆಕ್ಟರ್ ಮತ್ತೆ ಕೂರಿಸಿ, ಹುಡ್ ಮುಚ್ಚಿ, ಆಪರೇಟರ್ ಸೀಟಿನಲ್ಲಿ ಕೂತು, ಮಾಸ್ಟನ್ನು (ಫೋರ್ಕ್ ಏರಿಳಿಯುವ ಮುಂದಿನ ಕಂಬ) ಪೂರ್ತಿ ಹಿಂದಕ್ಕೆ ಟಿಲ್ಟ್ ಮಾಡಿ ಲಿವರನ್ನು ಎರಡು ಮೂರು ಸೆಕೆಂಡ್ ಹಿಡಿದಿರಲಿ. ಪಂಪ್‌ಗೆ ಪೂರ್ತಿ ಭಾರ ಬೀಳುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಕಡೆ 47 ವೋಲ್ಟ್, ಕಂಟ್ರೋಲರ್ ಕಡೆ 43 ವೋಲ್ಟ್ ಬಂದರೆ ನಡುವೆ 4 ವೋಲ್ಟ್ ಬಿಸಿಯಾಗಿ ಹೋಗುತ್ತಿದೆ ಅಂತ ಅರ್ಥ. ಸುಟ್ಟ ಕನೆಕ್ಟರ್ ಪಿನ್, ಸಡಿಲ ಲಗ್ (ಕೇಬಲ್ ತುದಿಯ ಬಳೆ), ಗುಳಿಬಿದ್ದ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ಸ್ವಿಚ್) ಟಿಪ್, ಇವುಗಳಲ್ಲೊಂದು ಸಿಗುತ್ತದೆ. ಕಂಟ್ರೋಲರ್ ಬೆಲೆಯ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ಸೋತ ಸೆಲ್ ಸಿಕ್ಕಿದರೆ ಮೊದಲು ಒಂದು ಈಕ್ವಲೈಸಿಂಗ್ ಚಾರ್ಜ್ (ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರುವ ಹೆಚ್ಚುವರಿ ಚಾರ್ಜ್) ಕೊಟ್ಟು ನೋಡಿ. ಮೇಲೆ ಬರದಿದ್ದರೆ ಆ ಸೆಲ್ ಬದಲಿಸಿ. ತುಂಬ ಹಳೆಯ ಬ್ಯಾಟರಿಯಲ್ಲಿ ಒಂದು ಹೊಚ್ಚ ಹೊಸ ಸೆಲ್ ಕೂರಿಸಿದರೆ ಲಾಭ ಕಡಿಮೆ, ಅದೇ ವಯಸ್ಸಿನ ಅದೇ ಸಾಮರ್ಥ್ಯದ ಸೆಲ್ ಸಿಕ್ಕಿದರೆ ಒಳ್ಳೆಯದು. ಜೊತೆಗೆ ನಿಮ್ಮ ಚಾರ್ಜಿಂಗ್ ಹುಡುಗರು ನೀರು ಯಾವಾಗ ಹಾಕುತ್ತಾರೆ ಅಂತ ಕೇಳಿ. ಚಾರ್ಜ್‌ಗೆ ಮೊದಲು ತುಂಬಿಸಿದರೆ ಚಾರ್ಜ್ ಆಗುವಾಗ ದ್ರವ ಉಕ್ಕಿ ಚೆಲ್ಲುತ್ತದೆ. ಚೆಲ್ಲುವುದು ಬರೀ ನೀರಲ್ಲ, ಆಸಿಡ್ ಕೂಡ. ಆ ಗ್ರ್ಯಾವಿಟಿ ಮತ್ತೆ ವಾಪಸ್ ಬರುವುದಿಲ್ಲ. ಪ್ಲೇಟ್ ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಉಳಿದದ್ದು ಚಾರ್ಜ್ ಮುಗಿದ ಮೇಲೆ. ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆಯ ಬೋರ್ ನೀರಿನಲ್ಲಿರುವ ಲವಣ ಪ್ಲೇಟ್‌ಗಳನ್ನು ತಿನ್ನುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು ಸ್ಫೋಟಕ್ಕೆ. ಆದ್ದರಿಂದ ಚಾರ್ಜ್ ಮಾಡುವ ಜಾಗದಲ್ಲಿ ಗಾಳಿ ಆಡಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು.

ಪ್ರಶ್ನೆ: ನಮ್ಮ ಫೌಂಡ್ರಿಯ 3 ಟನ್ ಡೀಸೆಲ್ ಗಾಡಿಯಲ್ಲಿ ಎತ್ತಿದ ಲೋಡ್ ನಿಧಾನಕ್ಕೆ ತಾನಾಗೇ ಇಳಿಯುತ್ತದೆ. ಲಿಫ್ಟ್ ಸಿಲಿಂಡರ್ ಸೀಲ್ ಕಿಟ್ ಎರಡು ಸಲ ಹಾಕಿಸಿದ್ದೇವೆ. ಹೊರಗೆ ಎಣ್ಣೆ ಸೋರುತ್ತಿಲ್ಲ. ಏನು ಮಾಡುವುದು?
(ಮೇಂಟೆನೆನ್ಸ್ ಇನ್‌ಚಾರ್ಜ್, ಬೆಳಗಾವಿ)

ಹೊರಗೆ ಒಂದು ಹನಿಯೂ ಇಲ್ಲ, ಸೀಲ್ ಹೊಸದು, ಆದರೂ ಇಳಿಯುತ್ತಿದೆ. ಹಾಗಾದರೆ ಎಣ್ಣೆ ಕಂಟ್ರೋಲ್ ವಾಲ್ವ್ (ಲಿವರ್ ಎಳೆದಾಗ ಎಣ್ಣೆಯ ದಾರಿ ತೆರೆದು ಮುಚ್ಚುವ ವಾಲ್ವ್) ಮೂಲಕ ಟ್ಯಾಂಕಿಗೆ ನುಸುಳುತ್ತಿರುವ ಸಾಧ್ಯತೆಯೇ ಜಾಸ್ತಿ. ಆದರೆ ನನ್ನ ಮಾತು ನಂಬಿ ವಾಲ್ವ್ ಬಿಚ್ಚಬೇಡಿ, ಅಳೆದು ನೋಡಿ.

ಮೊದಲು ಎಷ್ಟು ಇಳಿಯುತ್ತದೆ ಅನ್ನುವುದು ಗೊತ್ತಾಗಬೇಕು. ಗಾಡಿ ಒಂದೆರಡು ಗಂಟೆ ಕೆಲಸ ಮಾಡಿ ಎಣ್ಣೆ ಬಿಸಿಯಾಗಿರಲಿ, ಯಾಕೆಂದರೆ ತೆಳುವಾದ ಎಣ್ಣೆ ಬೇಗ ನುಸುಳುತ್ತದೆ. ಗಾಡಿಯ ಪೂರ್ತಿ ಸಾಮರ್ಥ್ಯದ ಲೋಡ್ ಎತ್ತಿ, ಇಂಜಿನ್ ಆಫ್ ಮಾಡಿ, ಮಾಸ್ಟ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, 10 ನಿಮಿಷ ಬಿಡಿ. ಸುತ್ತಮುತ್ತ ಯಾರೂ ಇರಬಾರದು. 10 ನಿಮಿಷದಲ್ಲಿ 100 ಮಿ.ಮೀ.ಗಿಂತ ಜಾಸ್ತಿ ಇಳಿದರೆ ಗಾಡಿ ಸುರಕ್ಷತೆಯ ಮಿತಿ ದಾಟಿದೆ, ಕೆಲಸಕ್ಕೆ ಬಿಡಬಾರದು. ಅದಕ್ಕಿಂತ ತುಂಬ ಕಡಿಮೆಯಾದರೆ ಗಮನ ಇಡಿ, ಗಾಬರಿ ಬೇಡ.

ಆಮೇಲೆ ಲಿವರ್ ನೋಡಿ. ಫೌಂಡ್ರಿ ಮರಳು ಲಿವರ್ ಲಿಂಕೇಜಿನಲ್ಲಿ ಸೇರಿಕೊಂಡು ಲಿವರ್ ಪೂರ್ತಿ ನ್ಯೂಟ್ರಲ್‌ಗೆ ವಾಪಸ್ ಬರದೇ ಇದ್ದರೆ ಸ್ಪೂಲ್ (ವಾಲ್ವ್ ಒಳಗೆ ಜಾರುವ ಕಡ್ಡಿ) ಒಂದು ಕೂದಲೆಳೆ ತೆರೆದೇ ಇರುತ್ತದೆ. ಇದನ್ನು ಸರಿಪಡಿಸಲು ಒಂದು ಬ್ರಶ್ ಮತ್ತು ಸ್ವಲ್ಪ ಎಣ್ಣೆ ಸಾಕು. ಏನನ್ನಾದರೂ ಬಿಚ್ಚುವ ಮೊದಲು ಇದನ್ನೇ ನೋಡಬೇಕು, ಆದರೆ ಹೆಚ್ಚಿನವರು ನೇರವಾಗಿ ಸೀಲ್ ಕಿಟ್‌ಗೆ ಕೈ ಹಾಕುತ್ತಾರೆ.

ಲಿವರ್ ಸರಿ ಇದ್ದರೆ ಸಿಲಿಂಡರ್ ಯಾವ ಬಗೆಯದು ನೋಡಿ. ಮೇಲ್ತುದಿಯಿಂದ ಟ್ಯಾಂಕಿಗೆ ಒಂದು ಸಣ್ಣ ರಿಟರ್ನ್ ಹೋಸ್ ಇದ್ದರೆ ಅದು ಪಿಸ್ಟನ್ ಬಗೆ. ಮಾಸ್ಟ್ ಪೂರ್ತಿ ಇಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಒತ್ತಡ ಬಿಡಿಸಿ, ಆ ಹೋಸ್ ಕಳಚಿ. ಟ್ಯಾಂಕ್ ಕಡೆಯ ತುದಿಗೆ ಪ್ಲಗ್ ಹಾಕಿ. ಸಿಲಿಂಡರ್ ಕಡೆಯಿಂದ ಉದ್ದನೆಯ ಪೈಪ್ ಎಳೆದು ಮಾಸ್ಟಿನಿಂದ ದೂರ ಇಟ್ಟ ಕ್ಯಾನಿಗೆ ಬಿಡಿ. ಲೋಡ್ ಎತ್ತಿ ನಿಲ್ಲಿಸಿ ದೂರದಿಂದ ನೋಡಿ. ಕ್ಯಾನಿಗೆ ಎಣ್ಣೆ ಬರುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹಾದು ಬರುತ್ತಿದೆ. ಹೊಸ ಸೀಲ್ ಹಾಕಿದ ಮೇಲೂ ಹೀಗಾದರೆ ಸಿಲಿಂಡರ್ ಒಳಗೋಡೆಗೆ ಗೀರು ಬಿದ್ದಿರುತ್ತದೆ, ಮೂರನೇ ಕಿಟ್ ಹಾಕಿದರೂ ನಿಲ್ಲುವುದಿಲ್ಲ. ಕ್ಯಾನ್ ಒಣಗಿದ್ದರೆ ಸಿಲಿಂಡರ್ ಚೆನ್ನಾಗಿದೆ, ವಾಲ್ವ್ ಬಿಚ್ಚಿಸಿ. ರಿಟರ್ನ್ ಹೋಸ್ ಇಲ್ಲದ ರ‍್ಯಾಮ್ ಬಗೆಯ ಸಿಲಿಂಡರ್ ಆಗಿದ್ದರೆ ಅದು ಸೋರುವುದು ಗ್ಲ್ಯಾಂಡ್ (ರಾಡ್ ಹೊರಬರುವ ಕಡೆಯ ಸೀಲ್ ಮುಚ್ಚಳ) ಹತ್ತಿರ, ಹೊರಗೆ ಮಾತ್ರ. ಹೊರಗೆ ಒಣಗಿದೆ ಅಂದರೆ ವಾಲ್ವೇ.

ವಾಲ್ವ್ ಬಿಚ್ಚಿದಾಗ ಸ್ಪೂಲ್ ಮೇಲೆ ಗೀರು ಕಂಡರೆ ಅದಕ್ಕೆ ಕಾರಣ ಎಣ್ಣೆಯಲ್ಲಿರುವ ಕಸ. ಎಣ್ಣೆ, ಫಿಲ್ಟರ್, ಟ್ಯಾಂಕಿನ ಬ್ರೀದರ್ (ಗಾಳಿ ಆಡುವ ಮುಚ್ಚಳ) ಮೂರನ್ನೂ ಬದಲಿಸದೆ ಹೊಸ ವಾಲ್ವ್ ಕೂರಿಸಿದರೆ ಅದರ ಗತಿಯೂ ಅದೇ. ಮತ್ತೊಂದು ವಿಷಯ: ಲೋಡ್ ಏಳುತ್ತಿಲ್ಲ ಅಂತ ಯಾರಾದರೂ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್) ಸ್ಕ್ರೂ ಬಿಗಿಮಾಡಲು ಹೊರಟರೆ ದಯವಿಟ್ಟು ತಡೆಯಿರಿ. ಗೇಜ್ ಹಾಕದೆ ಆ ಸ್ಕ್ರೂ ಮುಟ್ಟಬಾರದು. ಸವೆದ ಪಂಪನ್ನು ಆ ಸ್ಕ್ರೂ ಸರಿಮಾಡುವುದಿಲ್ಲ, ಆದರೆ ಹೋಸ್ ಒಡೆಸಬಲ್ಲದು.

ಹೋಸ್ ಸೋರಿಕೆಯನ್ನು ಕೈಯಿಂದ ಸವರಿ ಹುಡುಕುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಇದು ನನ್ನನ್ನು ನಿಜಕ್ಕೂ ಹೆದರಿಸುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಒಂದು ಸಣ್ಣ ಚುಕ್ಕೆಯಷ್ಟೇ ಕಾಣಬಹುದು, ಮೊದಲಿಗೆ ನೋವೂ ಇರದಿರಬಹುದು. ಆದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತಲೇ ಹೇಳಬೇಕು. ತಡವಾದರೆ ಬೆರಳು ಕಳೆದುಕೊಳ್ಳಬೇಕಾಗುತ್ತದೆ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ಪ್ರಶ್ನೆ: ಹತ್ತಿ ಮಿಲ್‌ನಲ್ಲಿ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಬೆಳಿಗ್ಗೆ ಚೆನ್ನಾಗಿರುತ್ತದೆ. ಬಿಸಿಯಾದ ಮೇಲೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಇಲ್ಲ, ರ‍್ಯಾಂಪ್ ಹತ್ತುವುದಿಲ್ಲ. ಗೇರ್‌ಬಾಕ್ಸ್ ಇಳಿಸಬೇಕಾ?
(ಆಪರೇಟರ್, ರಾಯಚೂರು)

ಎರಡೂ ಕಡೆ ಒಂದೇ ರೀತಿ ಸೋಲುತ್ತಿದೆ ಅಂದರೆ ಒಂದು ಕ್ಲಚ್ ಪ್ಯಾಕ್ (ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಇರುವ ಕ್ಲಚ್ ಪ್ಲೇಟ್‌ಗಳ ಕಟ್ಟು) ಮಾತ್ರ ಹೋಗಿರುವ ಸಂಭವ ಕಡಿಮೆ. ಆದ್ದರಿಂದ ಇಳಿಸುವ ಮಾತು ಈಗ ಬೇಡ. ಟ್ರಾನ್ಸ್‌ಮಿಷನ್ ಎಣ್ಣೆಯ ಮಟ್ಟ ನೋಡಿ, ಸುಟ್ಟ ವಾಸನೆ ಇದೆಯಾ ಮೂಸಿ ನೋಡಿ. ಇಂಚಿಂಗ್ ಪೆಡಲ್ (ಗಾಡಿಯನ್ನು ಇಂಚಿಂಚಾಗಿ ಸರಿಸಲು ಕ್ಲಚ್ ಒತ್ತಡ ಇಳಿಸುವ ಪೆಡಲ್) ಪೂರ್ತಿ ಮೇಲೆ ಬರುತ್ತಿದೆಯಾ ನೋಡಿ. ಅದು ಸ್ವಲ್ಪ ಒತ್ತಿದಂತೆಯೇ ಉಳಿದರೆ ಕ್ಲಚ್ ಒತ್ತಡ ಸದಾ ಸೋರುತ್ತಿರುತ್ತದೆ.

ನಿಮ್ಮ ಜಾಗ ಹತ್ತಿ ಮಿಲ್ ಆದ್ದರಿಂದ ನನ್ನ ಮೊದಲ ಅನುಮಾನ ರೇಡಿಯೇಟರ್ ಮೇಲೆ. ಎಷ್ಟೋ ಗಾಡಿಗಳಲ್ಲಿ ಟ್ರಾನ್ಸ್‌ಮಿಷನ್ ಎಣ್ಣೆ ತಣ್ಣಗಾಗುವುದೂ ರೇಡಿಯೇಟರ್ ಒಳಗೇ. ಫೋರ್ಕ್‌ಲಿಫ್ಟಿನ ಫ್ಯಾನ್ ಗಾಳಿಯನ್ನು ಹಿಂದಕ್ಕೆ, ಗಾಡಿ ಮುಗ್ಗರಿಸದಂತೆ ಹಿಂದೆ ಕೂರಿಸಿದ ಭಾರದ, ಅಂದರೆ ಕೌಂಟರ್‌ವೇಯ್ಟ್ ಕಡೆಗೆ ತಳ್ಳುತ್ತದೆ. ಹಾಗಾಗಿ ಹತ್ತಿಯ ಎಳೆಗಳು ಫ್ಯಾನ್ ಕಡೆಯ ಮುಖದಲ್ಲಿ ಕಂಬಳಿಯ ಹಾಗೆ ಕೂತಿರುತ್ತವೆ, ಹಿಂದಿನಿಂದ ಇಣುಕಿದರೆ ಕಾಣುವುದಿಲ್ಲ. ಇಂಜಿನ್ ಆರಿದ ಮೇಲೆ ಕೌಂಟರ್‌ವೇಯ್ಟ್ ಕಡೆಯಿಂದ ಇಂಜಿನ್ ಕಡೆಗೆ ಗಾಳಿ ಹೊಡೆಯಿರಿ. ಒತ್ತಡ ಹದವಾಗಿರಲಿ, ಇಲ್ಲದಿದ್ದರೆ ಫಿನ್ ಮಡಚುತ್ತವೆ. ಹತ್ತಿ ಸೀಸನ್‌ನಲ್ಲಿ ಇದು ದಿನದ ಕೆಲಸವಾಗಬೇಕು. ಹತ್ತಿ ಎಳೆ ಸೈಲೆನ್ಸರ್ ಮೇಲೆ ಕೂತರೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ಪ್ರಶ್ನೆ: ಐಟಿಐ ಮುಗಿಸಿ ಒಂದು ಡೀಲರ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದೇನೆ ಸರ್. ಈಗ ಸ್ವಂತವಾಗಿ ವ್ಯಾನ್ ಇಟ್ಟುಕೊಂಡು ಸೈಟ್ ರಿಪೇರಿ ಶುರು ಮಾಡಬೇಕೆಂದಿದ್ದೇನೆ. ಏನೆಲ್ಲ ಬೇಕು?
(ಯುವ ಮೆಕ್ಯಾನಿಕ್, ತುಮಕೂರು)

ಒಳ್ಳೆಯ ನಿರ್ಧಾರ ತಮ್ಮಾ. ದಾಬಸ್‌ಪೇಟೆ, ನೆಲಮಂಗಲದ ಗೋದಾಮುಗಳೆಲ್ಲ ನಿನ್ನ ದಾರಿಯಲ್ಲೇ ಇವೆ, ಕೆಲಸಕ್ಕೆ ಕೊರತೆ ಇಲ್ಲ.

ವ್ಯಾನ್ ಹೊರಡುವ ಮೊದಲೇ ಅರ್ಧ ರಿಪೇರಿ ಫೋನಿನಲ್ಲಿ ಆಗಬೇಕು. ನೇಮ್ ಪ್ಲೇಟ್ ಮತ್ತು ಡಿಸ್‌ಪ್ಲೇನಲ್ಲಿರುವ ಎರರ್ ಕೋಡ್ ಫೋಟೋ ಕಳಿಸಲು ಹೇಳು. ದೋಷ ಬಿಸಿಯಾದಾಗಲೋ ತಣ್ಣಗಿದ್ದಾಗಲೋ, ಮಳೆ ಬಂದ ಮೇಲೋ, ಬೇರೆ ಏನಾದರೂ ರಿಪೇರಿ ಆದ ಮೇಲೋ ಅಂತ ಕೇಳು. ಮಾಸ್ಟ್ ಮೇಲೆ ಲೋಡ್ ನಿಂತಿದೆಯಾ ಅಂತ ಮರೆಯದೆ ಕೇಳು. ನಿಂತಿದ್ದರೆ ನೀನು ಬರುವವರೆಗೆ ಅದರ ಕೆಳಗೆ ಯಾರೂ ಹೋಗದಂತೆ ಜಾಗ ಕಟ್ಟಿಸು. ಬಹಳ ಗಾಡಿಗಳಲ್ಲಿ ಕೈಯಿಂದ ಇಳಿಸುವ ಸ್ಕ್ರೂ ವಾಲ್ವ್ ಬ್ಲಾಕಿನಲ್ಲಿರುತ್ತದೆ, ಅದು ಎಲ್ಲಿದೆ ಅಂತ ಪ್ರತಿ ಮಾಡೆಲ್‌ಗೂ ಬರೆದಿಟ್ಟುಕೋ.

ಸಾಮಾನಿನ ವಿಷಯಕ್ಕೆ ಬಂದರೆ, ಸ್ಪ್ಯಾನರ್ ಸೆಟ್ ನಿನ್ನ ಹತ್ತಿರ ಇದ್ದೇ ಇರುತ್ತದೆ. ನಾನು ಒತ್ತಿ ಹೇಳುವುದು ಅಳೆಯುವ ಸಾಮಾನು: ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಹೈಡ್ರೋಮೀಟರ್, ಫಿಟ್ಟಿಂಗ್ ಸಮೇತ ಪ್ರೆಶರ್ ಗೇಜ್, ವರ್ನಿಯರ್. ಬ್ಯಾಟರಿಗೆ ಇನ್ಸುಲೇಟೆಡ್ ಸ್ಪ್ಯಾನರ್, ಕನ್ನಡಕ, ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ, ಕ್ಯಾನ್ ತುಂಬ ನೀರು. ಉಂಗುರ, ಕಡಗ ಮನೆಯಲ್ಲೇ ಬಿಡು. ಕಂಟ್ರೋಲರ್ ಮುಟ್ಟುವ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ, ಒಳಗಿನ ಕೆಪಾಸಿಟರನ್ನು ಒಂದು ಬಲ್ಬ್ ಮೂಲಕ ಖಾಲಿ ಮಾಡು. ಗಟ್ಟಿ ಮರದ ಬ್ಲಾಕ್‌ಗಳು ಬೇಕೇ ಬೇಕು. 3 ಟನ್ ಎತ್ತುವ ಗಾಡಿ ತಾನೇ 4 ಟನ್ನಿಗಿಂತ ಜಾಸ್ತಿ ತೂಗುತ್ತದೆ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬಾರದು.

ಯಾವ ಗಾಡಿಗೆ ಹೋದರೂ ಫೋರ್ಕ್ ಮತ್ತು ಚೈನ್ ಅಳೆದು ಬಾ. ಫೋರ್ಕ್‌ನ ಹಿಮ್ಮಡಿ (ಫೋರ್ಕ್ ಬಾಗುವ ಮೂಲೆ) ದಪ್ಪದಲ್ಲಿ ಶೇ 10 ಸವೆದರೆ ಅದರ ಕಾಲ ಮುಗಿಯಿತು. 40 ಮಿ.ಮೀ. ಇದ್ದದ್ದು 36 ಆದರೆ ಶಕ್ತಿ ಸುಮಾರು ಶೇ 20 ಕಡಿಮೆಯಾಗಿರುತ್ತದೆ. ಚೈನ್ ಶೇ 3 ಉದ್ದವಾದರೆ ಬದಲಿಸಬೇಕು. 19.05 ಮಿ.ಮೀ. ಪಿಚ್ಚಿನ (ಒಂದು ಪಿನ್ನಿಂದ ಮುಂದಿನ ಪಿನ್ನಿಗಿರುವ ದೂರ) ಚೈನಿನಲ್ಲಿ 16 ಪಿಚ್ ಹೊಸದರಲ್ಲಿ 304.8 ಮಿ.ಮೀ. ಇರುತ್ತದೆ, 314 ಮುಟ್ಟಿದರೆ ಎರಡೂ ಚೈನ್ ಜೋಡಿಯಾಗಿ ಬದಲಿಸು. ಬ್ರೇಕ್ ಎಣ್ಣೆ ಹಾಕುವ ಮೊದಲು ಮ್ಯಾನುಯಲ್ ನೋಡು. ಕೆಲವು ಗಾಡಿಗಳಿಗೆ ಡಾಟ್ ಫ್ಲೂಯಿಡ್ (DOT ಎಂದು ಗುರುತಿರುವ ಬ್ರೇಕ್ ಎಣ್ಣೆ), ಕೆಲವಕ್ಕೆ ಮಿನರಲ್ ಎಣ್ಣೆ. ಅದಲು ಬದಲಾದರೆ ರಬ್ಬರ್ ಊದಿಕೊಂಡು ಬ್ರೇಕೇ ಹೋಗುತ್ತದೆ.

ಕೆಲವು ಕೆಲಸ ಎಷ್ಟು ದುಡ್ಡು ಕೊಟ್ಟರೂ ಒಪ್ಪಬೇಡ. ಬಿರುಕು ಬಿಟ್ಟ ಫೋರ್ಕಿಗೆ ವೆಲ್ಡಿಂಗ್, ಸೀಟ್ ಸ್ವಿಚ್ (ಆಪರೇಟರ್ ಸೀಟಿನಲ್ಲಿಲ್ಲದಿದ್ದರೆ ಗಾಡಿ ಓಡದಂತೆ ತಡೆಯುವುದು) ಬೈಪಾಸ್, ಕೌಂಟರ್‌ವೇಯ್ಟ್ ಮೇಲೆ ಇನ್ನಷ್ಟು ಕಬ್ಬಿಣ. "ಇವತ್ತೊಂದು ದಿನ ಓಡಲಿ" ಅಂತ ಒತ್ತಾಯ ಮಾಡುತ್ತಾರೆ. ಆ ಒಂದು ದಿನ ಗಾಡಿಯ ಪಕ್ಕ ನಿಲ್ಲುವ ಹುಡುಗನನ್ನು ನೆನೆಸಿಕೋ. ಒಪ್ಪದಿದ್ದಾಗ ಕಾರಣವನ್ನು ಸರ್ವಿಸ್ ರಿಪೋರ್ಟಿನಲ್ಲಿ ಬರೆದು, ಸಹಿ ಹಾಕಿಸಿಕೊಂಡು ಬಾ.

ಪ್ರಶ್ನೆ: ಫೋರ್ಕ್‌ಲಿಫ್ಟ್ ಮುಂದಿನ ಚಕ್ರ ಬಿಚ್ಚುವಾಗ ಗಾಳಿ ಪೂರ್ತಿ ಬಿಡಲೇಬೇಕಾ? ಲಾರಿಗೆ ಹಾಗೆ ಮಾಡುವುದಿಲ್ಲವಲ್ಲ.
(ಟಯರ್ ಅಂಗಡಿಯವರು, ಬೈಕಂಪಾಡಿ)

ಬಿಡಲೇಬೇಕು. ಗಾಳಿ ತುಂಬುವ ಟಯರ್ ಇರುವ ಎಷ್ಟೋ ಫೋರ್ಕ್‌ಲಿಫ್ಟ್‌ಗಳ ರಿಮ್ ಎರಡು ಹೋಳಾಗಿರುತ್ತದೆ. ಚಕ್ರವನ್ನು ಹಬ್‌ಗೆ ಹಿಡಿದ ನಟ್‌ಗಳು ಬೇರೆ, ರಿಮ್‌ನ ಎರಡು ಹೋಳನ್ನು ಹಿಡಿದ ಬೋಲ್ಟ್‌ಗಳು ಬೇರೆ. ಒಳಗೆ 7ರಿಂದ 10 ಬಾರ್ ಗಾಳಿ ಇರುವಾಗ ಗೊತ್ತಿಲ್ಲದೆ ಎರಡನೆಯದನ್ನು ಸಡಿಲಿಸಿದರೆ ರಿಮ್ ಸಿಡಿದು ಎದುರಿಗಿದ್ದವರ ಜೀವ ಹೋಗುತ್ತದೆ. ವಾಲ್ವ್ ಪಿನ್ ತೆಗೆದು ಗಾಳಿ ಬಿಡಿ. ಶಬ್ದ ನಿಂತ ಮೇಲೆ ಒಂದು ತಂತಿ ತೂರಿಸಿ ದಾರಿ ಕಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಜೋಡಿ ಚಕ್ರವಾದರೆ ಎರಡರದ್ದೂ ಬಿಡಿ. ಆಮೇಲೇ ಸ್ಪ್ಯಾನರ್ ಹಾಕಿ. ವಾಪಸ್ ಗಾಳಿ ತುಂಬುವಾಗ ಚಕ್ರ ಕೇಜ್ (ಸಿಡಿದರೆ ತಡೆಯುವ ಕಬ್ಬಿಣದ ಪಂಜರ) ಒಳಗಿರಲಿ, ಉದ್ದನೆಯ ಹೋಸ್ ಹಿಡಿದು ಪಕ್ಕಕ್ಕೆ ನಿಲ್ಲಿ. ಚಕ್ರದ ಮುಖದ ಎದುರಿಗೆ ಯಾರೂ ನಿಲ್ಲಬಾರದು.