ಪೆಟ್ರೋಲ್ ಟ್ರಕ್‌ಗೆ ಟ್ರೇಲರ್ ಕಟ್ಟುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರು ಟ್ರಾವೆಲ್ ಟ್ರೇಲರ್ (ಟ್ರಕ್ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ಬಗ್ಗೆ ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಎಲ್ಲವೂ ಮುಕ್ಕಾಲು ಟನ್ ವರ್ಗದ (ಫೋರ್ಡ್ ಎಫ್-250, ರ‍್ಯಾಮ್ 2500ರಂಥ) ಪೆಟ್ರೋಲ್ ಟ್ರಕ್‌ಗಳಿಗೆ ಸಂಬಂಧಿಸಿದವು.

ಪ್ರಶ್ನೆ: 28 ಅಡಿಯ ಟ್ರೇಲರ್ ಕೊಳ್ಳಬೇಕೆಂದಿದ್ದೇವೆ. ಕರಪತ್ರದ ಪ್ರಕಾರ ಖಾಲಿ ತೂಕ 6,800 ಪೌಂಡ್, ಗರಿಷ್ಠ 8,800, ಹಿಚ್ (ಟ್ರಕ್ಕಿಗೆ ಟ್ರೇಲರ್ ಜೋಡಿಸುವ ಕೊಂಡಿ) ಮೇಲಿನ ಭಾರ 700. ಫೋರ್ಡ್ ಎಫ್-250, 7.3 ಲೀಟರ್ ಪೆಟ್ರೋಲ್ ಟ್ರಕ್ ನೋಡಿದ್ದೇವೆ. ಮಾರುವವರು 'ಇದರ ಒಂದೂವರೆ ಪಟ್ಟು ಎಳೆಯುತ್ತೆ, ಯೋಚನೆ ಬಿಡಿ' ಅಂತಾರೆ. ಸ್ನೇಹಿತರು ಡೀಸೆಲ್ಲೇ ಆಗಬೇಕು ಅಂತಾರೆ. ನಾವು ಐದು ಜನ. (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಎಷ್ಟು ಎಳೆಯುತ್ತದೆ ಅನ್ನುವುದನ್ನು ಸದ್ಯಕ್ಕೆ ಮರೆತುಬಿಡಿ. ಟ್ರಕ್ಕಿನ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿಯೊಂದು ಅಂಟಿಸಿರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಒಂದೇ ಮಾದರಿಯ ಎರಡು ಟ್ರಕ್‌ಗಳಲ್ಲೂ ಈ ಅಂಕಿ ಬೇರೆಬೇರೆ ಇರುತ್ತದೆ. ಸನ್‌ರೂಫ್, ಚರ್ಮದ ಸೀಟು, ನಾಲ್ಕು ಚಕ್ರದ ಡ್ರೈವ್ ಎಲ್ಲವೂ ಅದರಿಂದಲೇ ಕಳೆಯುತ್ತವೆ. ಆದ್ದರಿಂದ ನೀವು ಕೊಳ್ಳುವ ಟ್ರಕ್ಕಿನ ಚೀಟಿಯನ್ನೇ ಓದಬೇಕು.

ಇನ್ನು ಟ್ರೇಲರ್. ಕರಪತ್ರದ ಖಾಲಿ ತೂಕದಲ್ಲಿ ನಿಮ್ಮ ನೀರು, ಪಾತ್ರೆ, ಹಾಸಿಗೆ, ಅಕ್ಕಿ-ಬೇಳೆ ಯಾವುದೂ ಇಲ್ಲ. ಬ್ಯಾಟರಿ ಮತ್ತು ತುಂಬಿದ ಪ್ರೊಪೇನ್ ಸಿಲಿಂಡರ್‌ಗಳನ್ನೂ ಎಷ್ಟೋ ಸಲ ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅವೆರಡೂ ಕೂರುವುದು ಮೂತಿಯ ಮೇಲೆಯೇ. ನೀರು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್ ದಾಟಿತು. ಪ್ರಯಾಣಕ್ಕೆ ಸಜ್ಜಾದ ಈ ಗಾತ್ರದ ಟ್ರೇಲರ್ 8,200 ಪೌಂಡ್ ತೂಗಿದರೆ ಆಶ್ಚರ್ಯವಿಲ್ಲ. ಅದರಲ್ಲಿ ಶೇ 10ರಿಂದ 15ರಷ್ಟು ಭಾರ ಟ್ರಕ್ಕಿನ ಹಿಚ್ ಮೇಲೆ ಬೀಳಬೇಕು. ಇದನ್ನು ಟಂಗ್ ವೇಟ್ ಎನ್ನುತ್ತಾರೆ. ಶೇ 13 ಎಂದು ಹಿಡಿದರೆ 1,070 ಪೌಂಡ್. ಕರಪತ್ರದ 700ನ್ನು ನಂಬಿ ಹೊರಟವರು ಇಲ್ಲೇ ಎಡವುವುದು.

ಚೀಟಿಯಲ್ಲಿ 3,050 ಇದೆ ಎಂದುಕೊಳ್ಳಿ. ಐದು ಜನ 700, ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಸೌದೆ, ಉಪಕರಣ 350, ಹಿಚ್‌ನ ಕಬ್ಬಿಣ 100, ಟಂಗ್ ವೇಟ್ 1,070. ಒಟ್ಟು 2,220, ಇನ್ನೂ 830 ಪೌಂಡ್ ಉಳಿಯಿತು. ಅದೇ ಟ್ರಕ್ ಡೀಸೆಲ್ ಎಂಜಿನ್‌ನಲ್ಲಿ ಬಂದು, ಒಟ್ಟು ತೂಕದ ಮಿತಿ 10,000 ಪೌಂಡ್‌ನಲ್ಲೇ ನಿಂತಿದ್ದರೆ, ಎಂಜಿನ್ನಿನ ಹೆಚ್ಚುವರಿ ಭಾರ ಪೇಲೋಡಿನಿಂದಲೇ ಹೋಗುತ್ತದೆ. ಚೀಟಿ 2,300ರ ಆಸುಪಾಸಿಗೆ ಇಳಿದರೆ ನಿಮಗೆ ಉಳಿಯುವುದು 80 ಪೌಂಡ್, ಒಂದು ಮಗುವಿನ ತೂಕವೂ ಅಲ್ಲ. ಈ ಟ್ರೇಲರ್‌ಗೆ, ವರ್ಷಕ್ಕೆ ಕೆಲವೇ ಪ್ರವಾಸ ಹೋಗುವ ಕುಟುಂಬಕ್ಕೆ, ನಮ್ಮ ಮತ ಪೆಟ್ರೋಲಿಗೇ. 12,000 ಪೌಂಡ್ ಎಳೆದುಕೊಂಡು ತಿಂಗಳುಗಟ್ಟಲೆ ರಾಕಿ ಪರ್ವತಗಳಲ್ಲಿ ತಿರುಗುವವರಿಗಾದರೆ ಡೀಸೆಲ್ ಎನ್ನುತ್ತಿದ್ದೆವು.

ಹಿಂದಿನ ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತುಗಳು) ಆಯ್ದುಕೊಳ್ಳುವ ಅವಕಾಶವಿದ್ದರೆ 3.73ರ ಬದಲು 4.30 ತೆಗೆದುಕೊಳ್ಳಿ. ಟ್ರೇಲರ್‌ನ ಗರಿಷ್ಠ ತೂಕ 10,000 ಪೌಂಡ್‌ಗಿಂತ ಕೆಳಗಿರುವುದರಿಂದ ಕ್ಯಾಲಿಫೋರ್ನಿಯಾದ ಸಾಮಾನ್ಯ ಸಿ ದರ್ಜೆ ಲೈಸೆನ್ಸ್ ಸಾಕು.

ಪ್ರಶ್ನೆ: ಲಾಸ್ ವೇಗಸ್ ದಾರಿಯಲ್ಲಿ ಬೇಕರ್ ದಾಟಿದ ಮೇಲಿನ ಏರಿನಲ್ಲಿ ಎಂಜಿನ್ 4,500 ಆರ್‌ಪಿಎಂಗೆ ಹೋಗಿ ಒಂದೇ ಸಮನೆ ಅರಚುತ್ತದೆ. ಗೇರ್‌ಬಾಕ್ಸ್ ಕೆಟ್ಟಿದೆಯೇ? (ಅರ್ವೈನ್, ಕ್ಯಾಲಿಫೋರ್ನಿಯಾ)

ಉತ್ತರ: ಕೆಟ್ಟಿಲ್ಲ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ದೊಡ್ಡ ಪೆಟ್ರೋಲ್ ಎಂಜಿನ್ ಏರು ಹತ್ತುವ ರೀತಿಯೇ ಅದು. ಟ್ರಕ್ ಮತ್ತು ಟ್ರೇಲರ್ ಸೇರಿ 16,000 ಪೌಂಡ್ ಇದ್ದು, ಶೇ 6ರ ಏರನ್ನು ಗಂಟೆಗೆ 50 ಮೈಲಿಯಲ್ಲಿ ಹತ್ತಬೇಕಾದರೆ ಬರೀ ಎತ್ತರ ಏರುವುದಕ್ಕೇ ಸುಮಾರು 128 ಅಶ್ವಶಕ್ತಿ ಬೇಕು. ಎದುರುಗಾಳಿಯ ತಡೆ, ಟಯರ್ ಘರ್ಷಣೆ, ಗೇರ್‌ಬಾಕ್ಸ್‌ನಲ್ಲಿ ಸೋರಿಹೋಗುವುದು ಎಲ್ಲ ಸೇರಿದರೆ ಎಂಜಿನ್ 230-240 ಕೊಡಬೇಕಾಗುತ್ತದೆ. 2,000 ಆರ್‌ಪಿಎಂನಲ್ಲಿ ಟಾರ್ಕ್ (ತಿರುಗಿಸುವ ಬಲ) 400 ಫುಟ್-ಪೌಂಡ್ ಇದೆ ಎಂದರೂ ಹುಟ್ಟುವುದು 152 ಅಶ್ವಶಕ್ತಿ ಮಾತ್ರ. ಫೋರ್ಡ್ 7.3ಕ್ಕೆ 2020ರ ಮಾದರಿಯಲ್ಲಿ ಘೋಷಿಸಿದ ಗರಿಷ್ಠ ಟಾರ್ಕ್ 475 ಸಿಗುವುದು 4,000ದಲ್ಲಿ. ಅಲ್ಲಿ 360 ಅಶ್ವಶಕ್ತಿ ಕೈಗೆ ಬರುತ್ತದೆ. ಗೇರ್‌ಬಾಕ್ಸ್ ಎರಡು-ಮೂರು ಗೇರ್ ಇಳಿಸಿ ಎಂಜಿನ್ನನ್ನು ಅಲ್ಲಿಗೆ ತಂದಿಡುತ್ತಿದೆ, ಅಷ್ಟೇ.

ಸದ್ದಿಗೆ ಹೆದರಿ ಮೇಲಿನ ಗೇರ್‌ನಲ್ಲಿ ಎಳೆಸಲು ಹೋಗಬೇಡಿ. ಆಗ ನೀರಿನ ಪಂಪ್ ನಿಧಾನವಾಗಿ ತಿರುಗುತ್ತದೆ, ಟಾರ್ಕ್ ಕನ್ವರ್ಟರ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಭಾಗ) ಜಾರಿ ಗೇರ್ ಆಯಿಲ್ ಬಿಸಿಯೇರುತ್ತದೆ. ಟೋ-ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆ) ಹಾಕಿಕೊಂಡು, ಬಲಗಡೆಯ ಲೇನ್ ಹಿಡಿದು, 45-50ರಲ್ಲಿ ಸಮಾಧಾನವಾಗಿ ಹತ್ತಿ. ಕಣ್ಣಿಡಬೇಕಾದದ್ದು ಎರಡು ಮುಳ್ಳುಗಳ ಮೇಲೆ: ಕೂಲೆಂಟ್ ಬಿಸಿ ಮತ್ತು ಗೇರ್ ಆಯಿಲ್ ಬಿಸಿ. ಗೇರ್ ಆಯಿಲ್ 190ರಿಂದ 220 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ನಿಶ್ಚಿಂತೆ. 240ರ ಕಡೆ ಹೋದರೆ ವೇಗ ತಗ್ಗಿಸಿ, ಒಂದು ಗೇರ್ ಇನ್ನೂ ಇಳಿಸಿ. ಬೇಕರ್ ಊರು ಸಮುದ್ರಮಟ್ಟದಿಂದ ಸಾವಿರ ಅಡಿಗೂ ಕಡಿಮೆ ಎತ್ತರದಲ್ಲಿದೆ, ಹ್ಯಾಲೊರನ್ ಸಮ್ಮಿಟ್ ನಾಲ್ಕು ಸಾವಿರ ದಾಟುತ್ತದೆ. ಬೇಸಿಗೆಯ ಮಧ್ಯಾಹ್ನ ಎಸಿ ಆರಿಸಿ ಎಂದು ಅಲ್ಲಿ ಹಾಕಿರುವ ಫಲಕ ನಿಮ್ಮಂಥ ಗಾಡಿಗಳಿಗೂ ಅನ್ವಯಿಸುತ್ತದೆ. ಜುಲೈನಲ್ಲಾದರೆ ಈ ಏರನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿಬಿಡುವುದು ಒಳ್ಳೆಯದು.

ಕೊಲೊರಾಡೊ ಕಡೆ ಹೋಗುವವರಿಗೆ ಒಂದು ಮಾತು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅಲ್ಲಿ 430 ಅಶ್ವಶಕ್ತಿಯ ಎಂಜಿನ್ 290ರ ಎಂಜಿನ್ ಆಗಿರುತ್ತದೆ. ಡೀಸೆಲ್ ಟ್ರಕ್‌ಗಳು ನಿಮ್ಮನ್ನು ಹಿಂದೆ ಹಾಕಿ ಹೋದರೆ ಹೋಗಲಿ ಬಿಡಿ.

ಪ್ರಶ್ನೆ: ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದಾಗ ನಮ್ಮ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೇಲರ್ ಭಾರವನ್ನು ಟ್ರಕ್ಕಿನ ಮುಂದಿನ ಚಕ್ರಗಳಿಗೂ ಹಂಚುವಂಥದ್ದು) ಇದೆ. ಈಚೆಗೆ ಹಿಂದಿನ ಬಂಪರ್‌ಗೆ ಎರಡು ಇ-ಬೈಕ್‌ಗಳ ಸ್ಟ್ಯಾಂಡ್ ಹಾಕಿಸಿದ್ದೇವೆ. (ಆಸ್ಟಿನ್, ಟೆಕ್ಸಸ್)

ಉತ್ತರ: ಆ ಸ್ಟ್ಯಾಂಡ್ ಮೇಲೆಯೇ ನಮ್ಮ ಅನುಮಾನ. ಬೈಕ್‌ಗಳೂ ಸ್ಟ್ಯಾಂಡೂ ಸೇರಿ 180 ಪೌಂಡ್ ಇರಲಿ. ಅದು ಟ್ರೇಲರ್ ಆಕ್ಸಲ್‌ನಿಂದ 15 ಅಡಿ ಹಿಂದಿದ್ದು, ಹಿಚ್ 18 ಅಡಿ ಮುಂದಿದ್ದರೆ, ಏತದ ಹಾಗೆ ಹಿಂದೆ ತೂಗಿ ಮುಂದಿನಿಂದ 150 ಪೌಂಡ್ ಎತ್ತಿಬಿಡುತ್ತದೆ. ಮೂತಿ ಹಗುರಾದ ಟ್ರೇಲರ್ ತೂಗಾಡುತ್ತದೆ. ಯಾವ ದುಬಾರಿ ಹಿಚ್ ಹಾಕಿದರೂ ಅದು ರೋಗವನ್ನು ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಬಂಪರ್ ಅಷ್ಟು ಭಾರಕ್ಕೆ ಮಾಡಿದ್ದಲ್ಲ ಅನ್ನುವುದು ಬೇರೆ ಮಾತು, ಬೆಸುಗೆ ಬಿಟ್ಟು ಸ್ಟ್ಯಾಂಡ್ ಸಮೇತ ಕಳಚಿ ಬೀಳುವುದುಂಟು.

ಊಹೆ ಬೇಡ, ತೂಕ ಹಾಕಿಸಿ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಯಂತ್ರ ಇರುತ್ತದೆ. ಪ್ರವಾಸಕ್ಕೆ ಹೊರಟ ಸ್ಥಿತಿಯಲ್ಲೇ, ಜನ, ನೀರು, ಸಾಮಾನು ಎಲ್ಲದರ ಸಮೇತ ಹೋಗಿ. ಟ್ರಕ್ಕಿನ ಮುಂದಿನ ಚಕ್ರ ಮೊದಲ ತಟ್ಟೆಯ ಮೇಲೆ, ಹಿಂದಿನವು ಎರಡನೆಯದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ ಬರಬೇಕು. ಮೊದಲು ಹಿಚ್‌ನ ಸ್ಪ್ರಿಂಗ್ ಬಾರ್‌ಗಳನ್ನು (ಭಾರ ಹಂಚುವ ಉಕ್ಕಿನ ಸರಳುಗಳನ್ನು) ಬಿಗಿದೇ ತೂಗಿಸಿ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಬಾರ್ ಬಿಚ್ಚಿ ಇನ್ನೊಮ್ಮೆ. ಕೊನೆಗೆ ಟ್ರೇಲರನ್ನು ಪಾರ್ಕಿಂಗ್‌ನಲ್ಲಿ ಬಿಟ್ಟು ಟ್ರಕ್ ಒಂದನ್ನೇ. ಅದೇ ದಿನ ಮತ್ತೆ ತೂಗಿಸಲು ದರವೂ ಕಡಿಮೆ.

ಉದಾಹರಣೆಗೆ, ಟ್ರಕ್ ಒಂಟಿಯಾಗಿ ಮುಂದೆ 4,300, ಹಿಂದೆ 3,750, ಒಟ್ಟು 8,050. ಬಾರ್ ಬಿಚ್ಚಿ ಟ್ರೇಲರ್ ಕಟ್ಟಿದಾಗ ಮುಂದೆ 4,020, ಹಿಂದೆ 4,770, ಒಟ್ಟು 8,790. ಟ್ರೇಲರ್ ಚಕ್ರಗಳ ಮೇಲೆ 7,460. ಟ್ರಕ್ಕಿಗೆ ಸೇರಿದ 740 ಪೌಂಡೇ ಟಂಗ್ ವೇಟ್. ಟ್ರೇಲರ್‌ನ ಪೂರ್ಣ ತೂಕ 7,460ಕ್ಕೆ 740 ಸೇರಿಸಿ 8,200. ಅಂದರೆ ಟಂಗ್ ವೇಟ್ ಬರೀ ಶೇ 9. ಬೈಕ್‌ಗಳನ್ನೂ ಸ್ಟ್ಯಾಂಡನ್ನೂ ತೆಗೆದು ಟ್ರಕ್ಕಿನ ತೊಟ್ಟಿಗೆ ಹಾಕಿದರೆ ಟಂಗ್ ವೇಟ್ 890ಕ್ಕೇರಿ ಶೇ 11 ದಾಟುತ್ತದೆ. ಹಿಂದಿನ ಕಪಾಟಿನಲ್ಲಿರುವ ಡಬ್ಬಿಗಟ್ಟಲೆ ಆಹಾರವನ್ನೂ ಮುಂದಿನ ಖಾನೆಗೆ ಸಾಗಿಸಿದರೆ ಶೇ 12-13 ಆದೀತು. ಅಲ್ಲಿಗೆ ತಂದು ನಿಲ್ಲಿಸಿ.

ಮೇಲಿನ ಲೆಕ್ಕದಲ್ಲಿ ಟ್ರಕ್ಕಿನ ಮುಂಭಾಗ 280 ಪೌಂಡ್ ಕಳೆದುಕೊಂಡಿದೆ. ಬಾರ್ ಬಿಗಿದ ಮೇಲೆ ಅದರಲ್ಲಿ ಅರ್ಧದಷ್ಟಾದರೂ ಮುಂದಕ್ಕೆ ಮರಳಬೇಕು. ನಿಮ್ಮ ಟ್ರಕ್ಕಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ. ಮರಳದಿದ್ದರೆ ಹಿಚ್‌ನ ತಲೆಯನ್ನು ಇನ್ನಷ್ಟು ಹಿಂದಕ್ಕೆ ವಾಲಿಸಬೇಕು ಅಥವಾ ಸರಪಳಿಯಲ್ಲಿ ಒಂದು ಕೊಂಡಿ ಬಿಗಿ ಮಾಡಬೇಕು. ಅತಿಯಾಗಿ ಬಿಗಿದರೂ ಕೇಡು: ಹಿಂದಿನ ಚಕ್ರಗಳು ಹಗುರಾಗಿ ಮಳೆಯಲ್ಲಿ ಜಾರುತ್ತವೆ.

ರಸ್ತೆಯಲ್ಲೇ ತೂಗಾಟ ಶುರುವಾದರೆ ಟ್ರಕ್ಕಿನ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್‌ನಿಂದ ಸರಿಪಡಿಸಲು ಹೋಗಬೇಡಿ, ವೇಗ ಹೆಚ್ಚಿಸಿ ನೆಟ್ಟಗೆ ಮಾಡುತ್ತೇನೆ ಅನ್ನುವುದಂತೂ ಬೇಡವೇ ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಬ್ರೇಕ್ ಕಂಟ್ರೋಲರ್‌ನ (ಟ್ರಕ್ಕಿನಿಂದಲೇ ಟ್ರೇಲರ್ ಬ್ರೇಕ್ ಹಿಡಿಸುವ ಸಾಧನದ) ಕೈಗುಂಡಿಯನ್ನು ಮೆಲ್ಲಗೆ ಒತ್ತಿ. ಟ್ರೇಲರ್ ಬ್ರೇಕ್ ಮಾತ್ರ ಹಿಡಿದು ಅದು ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಈ ಗುಂಡಿ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರಲಿ, ಓಡಿಸುವವರು ಯಾರೇ ಆಗಿರಲಿ.

ಪ್ರಶ್ನೆ: ಪೆಟ್ರೋಲ್ ಟ್ರಕ್ಕಿಗೆ ಡೀಸೆಲ್ ಟ್ರಕ್ಕಿನ ಹಾಗೆ ಎಗ್ಸಾಸ್ಟ್ ಬ್ರೇಕ್ (ಹೊಗೆಯನ್ನು ತಡೆದು ವೇಗ ತಗ್ಗಿಸುವ ವ್ಯವಸ್ಥೆ) ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಕಾದ ವಾಸನೆ ಬರುತ್ತದೆ. (ಪೋರ್ಟ್‌ಲೆಂಡ್, ಆರೆಗಾನ್)

ಉತ್ತರ: ಇಳಿಯಲು ತೊಡಗುವ ಮುಂಚೆಯೇ, ನೆತ್ತಿಯಲ್ಲೇ ವೇಗ ತಗ್ಗಿಸಿ ಗೇರ್ ಇಳಿಸಿ. ನಿಮ್ಮ ಕಡೆಯ ಸಿಸ್ಕಿಯೂ ಸಮ್ಮಿಟ್‌ನಂಥ ಶೇ 6ರ ಇಳಿಜಾರಿನಲ್ಲಿ ಎಂಜಿನ್ 3,500-4,500ರಲ್ಲಿ ತಿರುಗುತ್ತ ಗಾಡಿಯನ್ನು ಹಿಡಿದಿಡಬೇಕು. ಅಷ್ಟಾದರೂ ವೇಗ ಏರುತ್ತಿದ್ದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ 5 ಮೈಲಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮತ್ತೆ ಏರಿದಾಗ ಮತ್ತೆ ಒತ್ತಿ. ಮೇಲಿನಿಂದ ಕೆಳಗಿನವರೆಗೆ ಹಗುರಾಗಿ ಒತ್ತಿಕೊಂಡೇ ಇರುವುದರಿಂದಲೇ ಆ ವಾಸನೆ ಬರುವುದು. ಬ್ರೇಕ್‌ಗೆ ತಣಿಯಲು ಬಿಡುವೇ ಸಿಕ್ಕಿರುವುದಿಲ್ಲ.

ಕಂಟ್ರೋಲರ್‌ನ ಗೇನ್ (ಟ್ರೇಲರ್ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಮಟ್ಟ) ಸರಿಯಿದೆಯೇ ನೋಡಿ. ಖಾಲಿ, ಒಣ, ಸಮತಟ್ಟಾದ ರಸ್ತೆಯಲ್ಲಿ 20-25 ಮೈಲಿ ವೇಗದಲ್ಲಿ ಕೈಗುಂಡಿಯನ್ನು ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಕಚ್ಚಿ ನಿಲ್ಲುವವರೆಗೆ ಗೇನ್ ಸ್ವಲ್ಪ ಸ್ವಲ್ಪವೇ ಏರಿಸಿ, ಆಮೇಲೆ ಕಚ್ಚದಷ್ಟು ಇಳಿಸಿ. ಹೊಸ ಬ್ರೇಕ್ ಶೂಗಳು ಕೆಲವು ಸಲ ಒತ್ತಿ ಬಿಸಿಯಾದ ಮೇಲಷ್ಟೇ ಸರಿಯಾಗಿ ಹಿಡಿಯುತ್ತವೆ. ತೂಕ ಬದಲಾದಾಗ, ಮಳೆ ಬಂದಾಗ ಇದನ್ನು ಮತ್ತೆ ಹೊಂದಿಸಬೇಕು. ಗೇನ್ ಎಷ್ಟೇ ಏರಿಸಿದರೂ ಹಿಡಿಯದಿದ್ದರೆ ಟ್ರಕ್ಕಿನಿಂದ ಟ್ರೇಲರ್‌ಗೆ ವಿದ್ಯುತ್ ಒಯ್ಯುವ 7 ಪಿನ್ ಪ್ಲಗ್‌ನಲ್ಲಿ ತುಕ್ಕು, ಸರಿಯಾಗಿ ಕೂರದ ಅರ್ಥಿಂಗ್ ವೈರ್, ಟ್ರೇಲರ್ ಬ್ರೇಕಿನ ಸವೆದ ಮ್ಯಾಗ್ನೆಟ್, ಈ ಕ್ರಮದಲ್ಲಿ ಹುಡುಕಿ.

ಪ್ರಶ್ನೆ: ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಮ್ಮನಿಗೆ ಮಂಡಿ ನೋವು. ಟ್ರಕ್ ಓಡುವಾಗ ಅವರು ಟ್ರೇಲರ್ ಒಳಗೆ ಮಲಗಿಕೊಂಡು ಬರಬಹುದೇ? (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಬೇಡ. ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನಿಗೆ ವಿರುದ್ಧ. ಒಳಗೆ ಸೀಟ್ ಬೆಲ್ಟ್ ಇಲ್ಲ, ಗೋಡೆಗಳು ತೆಳು ಹಲಗೆಯವು, ಟಯರ್ ಸಿಡಿದರೆ ನೆಲವೇ ಹರಿದು ಮೇಲೆ ಬರಬಹುದು. ತಾಯಿಯವರನ್ನು ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟು ಹಿಂದಕ್ಕೆ ಸರಿಸಿ ಕಾಲು ಚಾಚಲು ಬಿಡಿ. ಹತ್ತಲು ಇಳಿಯಲು ಅಗಲವಾದ ಮಡಚುವ ಮೆಟ್ಟಿಲೊಂದು ಇಟ್ಟುಕೊಳ್ಳಿ. ಈ ಟ್ರಕ್‌ಗಳು ಎತ್ತರ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿದರೆ ಅವರು ಟ್ರೇಲರ್ ಒಳಗೆ ಹೋಗಿ ಹಾಯಾಗಿ ಹತ್ತು ನಿಮಿಷ ಮಲಗಬಹುದು.

ಪ್ರಶ್ನೆ: ಮೈಲೇಜ್ ಎಷ್ಟು ಬರುತ್ತದೆ? ಯಾವ ಪೆಟ್ರೋಲ್ ಹಾಕಬೇಕು? (ಡೆನ್ವರ್)

ಉತ್ತರ: ಗ್ಯಾಲನ್‌ಗೆ 8ರಿಂದ 10 ಮೈಲಿ. 36 ಗ್ಯಾಲನ್ ಟ್ಯಾಂಕಿಗೆ 9 ಮೈಲಿ ಲೆಕ್ಕ ಹಿಡಿದು, ಕಾಲು ಭಾಗ ಉಳಿಸಿಕೊಂಡರೆ 240 ಮೈಲಿಗೊಮ್ಮೆ ನಿಲ್ಲಬೇಕು. 70ರಿಂದ 60ಕ್ಕೆ ವೇಗ ಇಳಿಸಿದರೆ ಸಿಗುವ ಉಳಿತಾಯ ಯಾವ ಎಣ್ಣೆ, ಯಾವ ಫಿಲ್ಟರ್‌ನಿಂದಲೂ ಸಿಗದು, ಏಕೆಂದರೆ ನೀವು ಎಳೆಯುತ್ತಿರುವುದು ಗಾಳಿಗೆ ಎದುರಾಗಿ ನಿಂತ ಒಂದು ಗೋಡೆಯನ್ನು. ಕ್ಯಾಲಿಫೋರ್ನಿಯಾಗೆ ಹೋದರೆ ಟ್ರೇಲರ್ ಎಳೆಯುವವರಿಗೆ ಮಿತಿ ಹೇಗೂ 55. ನಿಮ್ಮ ಊರಿನ ಪಂಪ್‌ಗಳಲ್ಲಿ ಸಿಗುವ 85 ಆಕ್ಟೇನ್ ಹಾಕಲೇಬೇಡಿ. ಭಾರ ಎಳೆಯುವಾಗ ಎಂಜಿನ್ ನಾಕ್ ಆಗಿ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು), ಕಂಪ್ಯೂಟರ್ ಶಕ್ತಿಯನ್ನು ಕುಗ್ಗಿಸುತ್ತದೆ. 87 ಕನಿಷ್ಠ. ರ‍್ಯಾಮ್ 2500ರ 6.4 ಲೀಟರ್ ಹೆಮಿ ಎಂಜಿನ್ನಿಗೆ ಕಂಪನಿಯೇ 89 ಶಿಫಾರಸು ಮಾಡುತ್ತದೆ.

ಪ್ರಶ್ನೆ: ಟ್ರೇಲರ್ ಟಯರ್‌ಗಳ ಗೀರು (ಟ್ರೆಡ್) ಹೊಸದರಂತಿದೆ, ಆದರೆ ಏಳು ವರ್ಷ ಹಳೆಯವು. ಬದಲಿಸಲೇಬೇಕೇ? (ಫೀನಿಕ್ಸ್, ಅರಿಜೋನಾ)

ಉತ್ತರ: ಬದಲಿಸಿ. ಟ್ರೇಲರ್ ಟಯರ್ ಸವೆದು ಸಾಯುವುದು ಕಡಿಮೆ, ಬಿಸಿಲಿಗೆ ಒಣಗಿ ಸಿಡಿಯುವುದೇ ಹೆಚ್ಚು. ಅದರಲ್ಲೂ ನಿಮ್ಮದು ಫೀನಿಕ್ಸ್. ಐದಾರು ವರ್ಷಕ್ಕೆ ಮುಗಿಯಿತು ಎಂದುಕೊಳ್ಳಿ. ಟಯರ್ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2219 ಎಂದಿದ್ದರೆ 2019ರ 22ನೇ ವಾರದಲ್ಲಿ ಮಾಡಿದ್ದು. ಎಸ್‌ಟಿ225/75ಆರ್15 ಗಾತ್ರದಲ್ಲಿ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಡಿ ಟಯರ್ 65 ಪಿಎಸ್‌ಐ ಗಾಳಿಯ ಒತ್ತಡದಲ್ಲಿ 2,540 ಪೌಂಡ್ ಹೊರುತ್ತದೆ, ಇ ಆದರೆ 80ರಲ್ಲಿ 2,830. ರಿಮ್ ಮತ್ತು ವಾಲ್ವ್ 80 ತಡೆಯುತ್ತವೆಯೇ ಎಂದು ಖಚಿತಪಡಿಸಿಕೊಂಡು ಇ ಹಾಕಿಸಿ. ಅಡುಗೆಮನೆ ಇರುವ ಬದಿ ಇನ್ನೊಂದಕ್ಕಿಂತ ಭಾರ ಇರುವುದರಿಂದ ಈ ಹೆಚ್ಚುವರಿ ಬಲ ವ್ಯರ್ಥವಲ್ಲ. ಗಾಳಿಯನ್ನು ಬೆಳಗ್ಗೆ, ಟಯರ್ ತಣ್ಣಗಿರುವಾಗಲೇ ನೋಡಿ. ದಾರಿಯಲ್ಲಿ ಬಿಸಿಯಾಗಿ ಪಿಎಸ್‌ಐ ಏರಿದರೆ ಗಾಳಿ ಬಿಡಬೇಡಿ. ಹೊಸ ಟಯರ್ ಹಾಕಿಸಿದ ಮೇಲೆ 10, 25, 50 ಮೈಲಿಗೊಮ್ಮೆ ನಿಲ್ಲಿಸಿ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿ ನೋಡಿ. ಅರ್ಧ ಇಂಚಿನ ಸ್ಟಡ್ (ನಟ್ ಕೂರುವ ಬೋಲ್ಟ್) ಆದರೆ 90ರಿಂದ 120 ಫುಟ್-ಪೌಂಡ್.