ಜೆರ್ಸಿ ಲೈಸೆನ್ಸ್ ಇಟ್ಟುಕೊಂಡು ಟೆಕ್ಸಾಸ್‌ಗೆ ಬರುವ ತಮ್ಮನಿಗೆ

"ಅಣ್ಣಾ, ನನ್ನ ಹತ್ರ ನ್ಯೂಜೆರ್ಸಿ ಲೈಸೆನ್ಸ್ ಇದೆ, ಕಾರಿಗೂ ಅಲ್ಲಿಯದೇ ನಂಬರ್ ಪ್ಲೇಟ್. ಮುಂದಿನ ತಿಂಗಳು ಡಲ್ಲಾಸ್‌ಗೆ ಶಿಫ್ಟ್ ಆಗ್ತಿದ್ದೀನಿ, ಕಾರಲ್ಲೇ ಬರ್ತೀನಿ. ದಾರೀಲಿ ಪೊಲೀಸರು ನಿಲ್ಲಿಸಿದರೆ ತೊಂದರೆ ಆಗುತ್ತಾ? ಪಾಸ್‌ಪೋರ್ಟ್ ಇಟ್ಕೊಂಡೇ ಓಡಾಡಬೇಕಾ? ಡಿಜಿಲಾಕರ್ ಥರ ಫೋನಲ್ಲಿ ತೋರಿಸಿದರೆ ನಡೆಯುತ್ತಾ? ಜೂನ್‌ನಲ್ಲಿ ನನ್ನ ಅಪ್ಪ ಅಮ್ಮ ಬೇರೆ ಬರ್ತಾರೆ" ಅಂತ ಕೇಳಿದ್ದೀಯ. ನೀನು ನನಗಿಂತ ತುಂಬಾ ಚಿಕ್ಕವನು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ದಾರಿಯ ಬಗ್ಗೆ ಚಿಂತೆ ಬೇಡ. ಒಂದು ರಾಜ್ಯದ ಲೈಸೆನ್ಸ್ ಇಡೀ ದೇಶದಲ್ಲಿ ನಡೆಯುತ್ತದೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಎಂಎಚ್ ಪ್ಲೇಟ್ ಕಂಡ ಕೂಡಲೇ ಪಕ್ಕಕ್ಕೆ ಹಾಕು ಅಂತಾರಲ್ಲ, ಆ ಕಾಟ ಇಲ್ಲಿಲ್ಲ. ಆದರೆ ಬಂದು ಮನೆ ಮಾಡಿದ ದಿನದಿಂದ ಲೆಕ್ಕ ಶುರು. ಟೆಕ್ಸಾಸ್‌ನಲ್ಲಿ ಕಾರಿನ ರಿಜಿಸ್ಟ್ರೇಶನ್‌ಗೆ 30 ದಿನ, ಲೈಸೆನ್ಸ್‌ಗೆ 90 ದಿನ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್‌ಗೆ ಬರೀ 10 ದಿನ. ಮೊದಲು ಕಾರಿನ ಕೆಲಸ ಮುಗಿಸು, ಲೈಸೆನ್ಸ್ ಆಫೀಸಿನಲ್ಲಿ ಆ ಕಾಗದ ಕೇಳುತ್ತಾರೆ. ಜೆರ್ಸಿ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಇಲ್ಲ, ಹಳೇ ಕಾರ್ಡ್ ವಾಪಸ್ ಕೊಟ್ಟರಾಯಿತು. ವೀಸಾದವರ ಕಾರ್ಡ್ ಮೇಲೆ 'ಲಿಮಿಟೆಡ್ ಟರ್ಮ್' ಅಂತ ಬರುತ್ತದೆ, ನಿನ್ನ ಐ-94 (ಎಲ್ಲಿಯವರೆಗೆ ಈ ದೇಶದಲ್ಲಿ ಇರಬಹುದು ಅಂತ ಹೇಳುವ ಪ್ರವೇಶದ ದಾಖಲೆ) ಮುಗಿಯುವ ದಿನವೇ ಅದೂ ಮುಗಿಯುತ್ತದೆ. ಆ ತಾರೀಖನ್ನು ಹೆಂಡತಿಯ ಹುಟ್ಟುಹಬ್ಬದ ಹಾಗೆ ನೆನಪಿಟ್ಟುಕೋ.

ಇನ್ಶೂರೆನ್ಸ್ ಫೋನಿನಲ್ಲಿ ತೋರಿಸಬಹುದು. ಲೈಸೆನ್ಸ್ ಮಾತ್ರ ಕಾರ್ಡೇ ಜೇಬಲ್ಲಿರಲಿ. ಇನ್ನು ಪಾಸ್‌ಪೋರ್ಟ್ ವಿಷಯ. 18 ತುಂಬಿದ ಪರದೇಶದವರು ನೋಂದಣಿಯ ಪುರಾವೆ ಸದಾ ಜೊತೆಗೆ ಇಟ್ಟುಕೊಳ್ಳಬೇಕು ಅಂತ ಇಲ್ಲಿ ಹಳೇ ಕಾನೂನೇ ಇದೆ. ನಿನಗೆ ಅದು ಐ-94. ನಮ್ಮ ಕಾಲದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಈಗ ಕಾಲ ಹಾಗಿಲ್ಲ. ಪ್ರಿಂಟ್ ತೆಗೆದು ಪರ್ಸಲ್ಲಿಡು.

ಹಿಂದೆ ಕೆಂಪು ನೀಲಿ ದೀಪ ಕಂಡರೆ ಬಲಕ್ಕೆ ನಿಲ್ಲಿಸು, ಗಾಜು ಇಳಿಸು, ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಕೇಳಿದ ಮೇಲೆ, ಹೇಳಿ, ಆಮೇಲೆ ಕಾಗದಕ್ಕೆ ಕೈ ಹಾಕು. ಇಳಿಯಬೇಡ. ನಮ್ಮೂರಲ್ಲಿ ಇಳಿದು ಹತ್ತಿರ ಹೋಗಿ 'ಸಾರ್' ಅನ್ನುವುದು ಮರ್ಯಾದೆ. ಇಲ್ಲಿ ಅದನ್ನೇ ಅಪಾಯ ಅಂದುಕೊಳ್ಳುತ್ತಾರೆ.

ಇದೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ವಿಳಾಸದ ಬಗ್ಗೆ.

ನಾನು 2007ರಲ್ಲಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದವನು. 2011ರಲ್ಲಿ ಗೆಳೆಯರ ಜೊತೆ ಸ್ಮೋಕಿ ಮೌಂಟನ್ಸ್‌ಗೆ ಹೋಗುವಾಗ ವರ್ಜೀನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್ ಬಿತ್ತು. ಕಟ್ಟಲು ದುಡ್ಡಿಲ್ಲ ಅಂತಲ್ಲ. "ಬೇರೆ ರಾಜ್ಯ, ಮತ್ತೆ ಯಾವಾಗ ಹೋಗ್ತೀವಿ ಬಿಡು" ಅಂದ ಒಬ್ಬ. ಬಿಟ್ಟೆ. ಮುಂದಿನ ವರ್ಷ ಹ್ಯೂಸ್ಟನ್ ಕಡೆ ಬಂದೆ. ಲೈಸೆನ್ಸ್ ಬದಲಾಯಿಸಲಿಲ್ಲ, ವಿಳಾಸವನ್ನೂ ತಿಳಿಸಲಿಲ್ಲ. ನೋಟೀಸುಗಳು ಎಡಿಸನ್‌ನ ಹಳೇ ಅಪಾರ್ಟ್‌ಮೆಂಟಿಗೆ ಹೋದವು.

ಇಲ್ಲಿನ ಬಹುಪಾಲು ರಾಜ್ಯಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿವೆ. ನಾನು ದಂಡ ಕಟ್ಟಲಿಲ್ಲ ಅಂತ ವರ್ಜೀನಿಯಾ ಹೇಳಿತು, ನ್ಯೂಜೆರ್ಸಿ ಲೈಸೆನ್ಸ್ ಅಮಾನತು ಮಾಡಿತು. ಪರ್ಸಿನಲ್ಲಿದ್ದ ಕಾರ್ಡ್ ಮಾತ್ರ ಮೊದಲಿನ ಹಾಗೇ ಮಿರಮಿರ ಅನ್ನುತ್ತಿತ್ತು.

2013ರಲ್ಲಿ ನನ್ನ ಅಪ್ಪ ಅಮ್ಮ ತಿಪಟೂರಿನಿಂದ ಬಂದಿದ್ದರು. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ವಾಪಸ್ ಬರುವಾಗ ಸಂಜೆಯಾಗಿತ್ತು. ಕಾರಿನ ಹಿಂದಿನ ದೀಪ ಒಂದು ಹೋಗಿತ್ತು ಅಂತ ನಿಲ್ಲಿಸಿದರು. ಪೊಲೀಸ್ ಒಳ್ಳೆಯವನೇ. ಕಾರ್ಡ್ ತೆಗೆದುಕೊಂಡು ಹೋದವನು ಹತ್ತು ನಿಮಿಷ ಬಿಟ್ಟು ಬಂದು, ನಿನ್ನ ಲೈಸೆನ್ಸ್ ಸಸ್ಪೆಂಡ್ ಆಗಿದೆ, ಇಲ್ಲಿಂದ ಗಾಡಿ ಓಡಿಸುವ ಹಾಗಿಲ್ಲ ಅಂದ.

ಅಪ್ಪ ಮುಂದಿನ ಸೀಟಿನಲ್ಲಿದ್ದರು. ಚೇತಕ್ ಸ್ಕೂಟರ್‌ನ ಡಿಕ್ಕಿಯಲ್ಲಿ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುತ್ತಿದ್ದ ಮನುಷ್ಯ. ಇಲ್ಲಿಗೂ ಅಂಥದೇ ಒಂದು ಕವರ್ ತಂದಿದ್ದರು. ಬ್ಯಾಗಿನಿಂದ ಅದನ್ನು ತೆಗೆದು, ಪಾಸ್‌ಪೋರ್ಟ್ ಜೆರಾಕ್ಸ್, ತಮ್ಮ ಹಳೇ ಡ್ರೈವಿಂಗ್ ಲೈಸೆನ್ಸ್, ಸೀನಿಯರ್ ಸಿಟಿಜನ್ ಕಾರ್ಡ್ ಒಂದೊಂದೇ ಅವನ ಕಡೆ ಹಿಡಿದರು. ಮಗನ ಕಾಗದ ಸಾಲದಿದ್ದರೆ ತಮ್ಮದಾದರೂ ಆಗಲಿ ಅಂತ. "ಮೈ ಸನ್, ಇಂಜಿನಿಯರ್" ಅಂದರು.

"ಅಪ್ಪಾ, ಸುಮ್ನೆ ಕೂತ್ಕೊಳ್ಳಿ" ಅಂತ ಕಿರುಚಿದೆ. ಪೊಲೀಸ್ ಎದುರಿಗೇ. ಅವರು ಕಾಗದಗಳನ್ನು ಜೋಡಿಸಿ ಕವರಿಗೆ ಹಾಕಿ, ಮೊದಲಿನ ಹಾಗೇ ಮಡಚಿದರು.

ಕೇಟಿ ಅನ್ನುವ ಊರಿನಿಂದ ಗೆಳೆಯ ಬರುವುದಕ್ಕೆ ಒಂದು ಗಂಟೆ ಮೇಲಾಯಿತು. ಅಮ್ಮ ಪ್ರಸಾದದ ಪುಳಿಯೋಗರೆ ಬಿಚ್ಚಿದರು, ಯಾರೂ ತಿನ್ನಲಿಲ್ಲ. ಆಮೇಲೆ ಎರಡು ತಿಂಗಳು ಅಪ್ಪ ಇದ್ದರು. ಎಲ್ಲಿಗಾದರೂ ಹೋಗೋಣ ಅಂದರೆ "ಬೇಡಪ್ಪ, ಇಲ್ಲೇ ಚೆನ್ನಾಗಿದೆ" ಅನ್ನುತ್ತಿದ್ದರು. ಮತ್ತೆ ಅಮೆರಿಕಕ್ಕೆ ಬರಲಿಲ್ಲ. 2017ರಲ್ಲಿ ಹೋಗಿಬಿಟ್ಟರು.

ವರ್ಜೀನಿಯಾದ ದಂಡ, ಜೆರ್ಸಿಗೆ 100 ಡಾಲರ್ ರಿಸ್ಟೋರೇಶನ್ ಫೀ, ಇಲ್ಲಿನ ಟಿಕೆಟ್, ವಕೀಲರು, ಎಲ್ಲ ಕಟ್ಟಿ ಮುಗಿಸಿದೆ. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಒಂದೂ ಬಿಡದೆ ಬರೆದೆ. ಅದು ಮುಗಿದ ಕತೆ.

ಅದಕ್ಕೇ, ಪ್ಯಾಕಿಂಗ್ ಮಾಡುವ ಮೊದಲು ನಿನ್ನ ಹೆಸರಿನಲ್ಲಿ ಹಳೇ ಟಿಕೆಟ್ ಏನಾದರೂ ಇದೆಯಾ ನೋಡು, ಇದ್ದರೆ ಕಟ್ಟು. ಪೋಸ್ಟ್ ಆಫೀಸಿನಲ್ಲಿ ಹೊಸ ವಿಳಾಸ ಕೊಡು. ಮನೆ ಬದಲಾಯಿಸಿದ 10 ದಿನದೊಳಗೆ ಇಮಿಗ್ರೇಶನ್‌ನವರಿಗೆ ಎಆರ್-11 ಅನ್ನುವ ವಿಳಾಸ ಬದಲಾವಣೆಯ ಫಾರಂ ಹಾಕಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಜೂನ್‌ನಲ್ಲಿ ಬರುವ ನಿನ್ನ ಅಪ್ಪ ಅಮ್ಮನಿಗೂ ಐ-94 ಪ್ರಿಂಟ್ ತೆಗೆದುಕೊಡು. ಪೊಲೀಸರು ನಿಲ್ಲಿಸಿದರೆ ಹೇಗೆ ಕೂತಿರಬೇಕು ಅಂತ ಅವರಿಗೆ ಮನೆಯಲ್ಲೇ, ಕಾಫಿ ಕುಡಿಯುವಾಗ ಹೇಳಿಬಿಡು. ನಾನು ಹೇಳಿರಲಿಲ್ಲ.

ನೀನು ಐ-81 ಹೆದ್ದಾರಿ ಹಿಡಿದೇ ಬರುವುದು ಅಲ್ವಾ? ವರ್ಜೀನಿಯಾದಲ್ಲಿ ನಿಧಾನ. ಅಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೂ, 85 ದಾಟಿದರೂ ರೆಕ್ಲೆಸ್ ಡ್ರೈವಿಂಗ್, ಕ್ರಿಮಿನಲ್ ಕೇಸೇ ಆಗುತ್ತದೆ. ರೇಡಾರ್ ಡಿಟೆಕ್ಟರೂ ಅಲ್ಲಿ ನಿಷೇಧ, ಇದ್ದರೆ ಮನೆಯಲ್ಲೇ ಬಿಟ್ಟು ಬಾ. ಹೊರಡುವ ಮುಂಚೆ ಹಿಂದಿನ ದೀಪ ಎರಡೂ ಉರಿಯುತ್ತವಾ ನೋಡಿಕೋ. ಡಲ್ಲಾಸ್ ತಲುಪಿದ ಮೇಲೆ ಒಂದು ಮೆಸೇಜ್ ಹಾಕು.